ಬೋನ್ಸಾಯ್ ತೋಟಕ್ಕೆ ನಿಧಾನದ ಭೇಟಿ: ನಾಲ್ಕು ವಾರದ ತಯಾರಿ

ಮೊದಲ ವಾರ

ಜಾಗ ಗೊತ್ತಾಗಿದೆ: ಮೈಸೂರಿನ ನಂಜನಗೂಡು ರಸ್ತೆಯಲ್ಲಿರುವ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟ. ಎಂಟು ಜನ. ಮೂವರಿಗೆ ಎಪ್ಪತ್ತು ದಾಟಿದೆ, ಅವರಲ್ಲಿ ಒಬ್ಬರಿಗೆ ಮಂಡಿನೋವು.

ಮೊದಲ ಕರಡಿನಲ್ಲಿ ಬೋನ್ಸಾಯ್ ತೋಟ, ಪಕ್ಕದ ಶುಕವನ, ನಂಜನಗೂಡು ದೇವಸ್ಥಾನ, ಸಂಜೆಗೆ ಕಾರಂಜಿ ಕೆರೆ, ಇಷ್ಟೂ ಒಂದೇ ದಿನಕ್ಕೆ ಇದ್ದವು. ಆ ಕರಡನ್ನು ಕೈಬಿಟ್ಟಿದ್ದೇವೆ. ತೋಟ ಚಿಕ್ಕದು, ಸುಮ್ಮನೆ ಒಂದು ಸುತ್ತು ಹಾಕಿದರೆ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಹಾಗೆ ಸುತ್ತಿ ಬಂದವರೇ "ಕುಂಡದಲ್ಲಿ ಗಿಡ ಇಟ್ಟಿದ್ದಾರೆ, ಅಷ್ಟೇ" ಎನ್ನುವುದು. ಒಂದು ಬೋನ್ಸಾಯ್ ಮರ ಕಣ್ಣಿಗೆ ಪೂರ್ತಿ ಸಿಗಬೇಕಾದರೆ ಐದು ನಿಮಿಷ ಬೇಕು. ಹನ್ನೆರಡು ಮರ ಆರಿಸಿದರೆ ಒಂದು ಗಂಟೆ, ನಡುವೆ ಎರಡು ಸಲ ಹದಿನೈದು ನಿಮಿಷ ಕೂರುವುದು, ಟಿಕೆಟ್ಟು ಮತ್ತು ನಡಿಗೆಗೆ ಇನ್ನರ್ಧ ಗಂಟೆ. ಒಟ್ಟು ಎರಡು ಗಂಟೆ. ಆ ಬೆಳಿಗ್ಗೆ ಬೇರೇನೂ ಇಲ್ಲ.

ಶುಕವನ ಬಿಡುವುದಕ್ಕೆ ಮಾತ್ರ ಸ್ವಲ್ಪ ಚರ್ಚೆಯಾಯಿತು. ಅಲ್ಲಿನ ಪಕ್ಷಿಸಂಗ್ರಹಕ್ಕೆ 468 ಜಾತಿಗಳ ಲೆಕ್ಕದಲ್ಲಿ 2017ರಲ್ಲಿ ಗಿನ್ನೆಸ್ ದಾಖಲೆ ಸಿಕ್ಕಿದೆ, ನೋಡಲೇಬೇಕಾದ ಜಾಗ. ಆದರೆ ಗಿಳಿಗಳ ಗದ್ದಲದಲ್ಲಿ ಒಂದು ಗಂಟೆ ಕಳೆದು ಬಂದವರಿಗೆ ಕುಂಡದ ಮರದ ಮುಂದೆ ಸುಮ್ಮನೆ ನಿಲ್ಲುವ ತಾಳ್ಮೆ ಉಳಿದಿರುವುದಿಲ್ಲ. ಅದಕ್ಕೆ ಬೇರೆ ದಿನ.

ಎರಡನೇ ವಾರ: ಏನು ನೋಡಬೇಕು

ಹೋಗುವ ಮೊದಲೇ ಎಲ್ಲರಿಗೂ ಒಂದು ಹಾಳೆ ಕೊಡುತ್ತಿದ್ದೇವೆ. ಅದರಲ್ಲಿರುವುದು ಇಷ್ಟು.

ಜಪಾನಿ ಮಾತಿನಲ್ಲಿ ಬೋನ್ ಅಂದರೆ ಅಗಲ ತಟ್ಟೆಯಂಥ ಕುಂಡ, ಸಾಯ್ ಅಂದರೆ ನೆಡುವುದು. ಮೂಲ ಚೀನಾದ ಪೆಂಜಿಂಗ್, ಅಂದರೆ ಕುಂಡದಲ್ಲಿ ಮರ, ಕಲ್ಲುಗಳ ದೃಶ್ಯ ಕಟ್ಟುವ ಕಲೆ. ಕಲೆಯಾಗಿ ಹದಗೊಂಡು ಲೋಕಕ್ಕೆಲ್ಲ ಹರಡಿದ್ದು ಜಪಾನಿನಿಂದ. 1923ರ ಭೂಕಂಪದ ನಂತರ ಟೋಕಿಯೋದ ಬೆಳೆಗಾರರು ಹತ್ತಿರದ ಒಮಿಯಾಗೆ ಹೋಗಿ 1925ರಲ್ಲಿ ಬೋನ್ಸಾಯ್ ಹಳ್ಳಿಯನ್ನೇ ಕಟ್ಟಿದರು. ವಾಷಿಂಗ್ಟನ್ನಿನಲ್ಲಿರುವ ಯಮಾಕಿ ಪೈನ್ 1625ರಿಂದ ಪಳಗುತ್ತಾ ಬಂದ ಮರ. 1945ರಲ್ಲಿ ಹಿರೋಷಿಮಾದಲ್ಲಿದ್ದೂ ಉಳಿಯಿತು, 1976ರಲ್ಲಿ ಅಮೆರಿಕಕ್ಕೆ ಕೊಡುಗೆಯಾಗಿ ಹೋಯಿತು. ಅಂಥ ಬಿಳಿ ಪೈನಿಗೆ ಚಳಿಗಾಲದ ಕೊರೆತ ಬೇಕು, ಮೈಸೂರಿನ ಹವೆ ಸಾಲದು. ನಮ್ಮ ಕಡೆ ಈ ಕಲೆಯನ್ನು ಹೊತ್ತಿರುವುದು ಆಲ, ಅರಳಿ, ಅತ್ತಿ, ಬಸರಿ. ಬೇರು ಕತ್ತರಿಸಿದರೆ ಬೇಗ ಚೇತರಿಸಿಕೊಳ್ಳುತ್ತವೆ, ಕೊಂಬೆ ಕಡಿದ ಗಾಯ ಮುಚ್ಚಿಕೊಳ್ಳುತ್ತದೆ, ಎಲೆ ಚಿವುಟಿದರೆ ಮರುಚಿಗುರು ಸಣ್ಣದಾಗಿ ಬರುತ್ತದೆ. ಆಲದ ಬಿಳಲು ಮಾತ್ರ ಸುಲಭವಲ್ಲ, ಅದಕ್ಕೆ ಗಾಳಿಯಲ್ಲಿ ತೇವ ಬೇಕು. ಕುಂಡದ ಆಲದಲ್ಲಿ ದಪ್ಪ ಬಿಳಲು ಕಂಡರೆ ಅದರ ಹಿಂದೆ ವರ್ಷಗಟ್ಟಲೆ ಆರೈಕೆ ಇದೆ ಎಂದು ತಿಳಿಯಬೇಕು.

ಬೋನ್ಸಾಯ್ ಅಂದರೆ ಕುಳ್ಳ ತಳಿ ಎಂಬ ತಪ್ಪು ಕಲ್ಪನೆ ತುಂಬ ಜನರಿಗಿದೆ. ಇದೇ ಆಲವನ್ನು ನೆಲಕ್ಕೆ ನೆಟ್ಟರೆ ದೊಡ್ಡ ಮರವೇ ಆಗುತ್ತದೆ. ಬೇರು ಸವರುವುದು, ಕುಡಿ ಚಿವುಟುವುದು, ಆಳವಿಲ್ಲದ ಕುಂಡ, ಈ ಮೂರರಿಂದ ಅಳತೆ ನಿಲ್ಲುತ್ತದೆ. ಎಲೆ ಚಿಕ್ಕದಾದೀತು, ಹಣ್ಣು ಚಿಕ್ಕದಾಗುವುದಿಲ್ಲ. ಮೊಣಕೈ ಉದ್ದದ ನಿಂಬೆ ಗಿಡದಲ್ಲಿ ನಿಂಬೆಹಣ್ಣು ತನ್ನ ಮಾಮೂಲಿ ಗಾತ್ರದಲ್ಲೇ ತೂಗುತ್ತದೆ.

ನೋಡುವ ಕ್ರಮ: ಮರದ ನಡು ಎತ್ತರಕ್ಕೆ ಕಣ್ಣು ಬರುವಂತೆ ಬಗ್ಗಬೇಕು ಅಥವಾ ಕೂರಬೇಕು. ನಿಂತು ಮೇಲಿಂದ ನೋಡಿದರೆ ಬರೀ ಎಲೆಯ ಗುಡ್ಡೆ. ಮೊದಲು ಬುಡದ ಬೇರು ಎಲ್ಲ ದಿಕ್ಕಿಗೂ ಹರಡಿದೆಯೇ, ಆಮೇಲೆ ಕಾಂಡ ಮೇಲೇರುತ್ತಾ ಸಣ್ಣದಾಗುತ್ತಿದೆಯೇ, ಮೊದಲ ಕೊಂಬೆ ಎತ್ತರದ ಮೂರನೇ ಒಂದು ಭಾಗದ ಹತ್ತಿರ ಇದೆಯೇ, ಕೊನೆಗೆ ತುದಿ. ಕೊಂಬೆಗೆ ಅಲ್ಯೂಮಿನಿಯಂ ತಂತಿ ಸುತ್ತಿದ್ದರೆ ಅದರ ದಪ್ಪ ಕೊಂಬೆಯ ಮೂರನೇ ಒಂದರಷ್ಟು ಇರುತ್ತದೆ. ಆಲದ ಜಾತಿ ಬೇಗ ಊದಿಕೊಳ್ಳುವುದರಿಂದ ತಂತಿ ಕೆಲವೇ ತಿಂಗಳಲ್ಲಿ ತೊಗಟೆಯೊಳಗೆ ಹೂತುಹೋಗುತ್ತದೆ. ಸುರುಳಿ ಗುರುತು ಉಳಿದ ಕೊಂಬೆ ಕಂಡರೆ, ತಂತಿ ಬಿಚ್ಚುವುದು ತಡವಾಗಿತ್ತು ಎಂದರ್ಥ.

ಶೈಲಿಗಳಲ್ಲಿ ಐದನ್ನು ಗುರುತಿಸಿದರೆ ಸಾಕು: ನೆಟ್ಟಗೆ ನಿಂತ ಚೊಕ್ಕನ್, ಬಳುಕುವ ಮೊಯೊಗಿ, ವಾಲಿದ ಶಕನ್, ಕುಂಡದ ಅಂಚು ದಾಟಿ ಕೆಳಗಿಳಿಯುವ ಕೆಂಗಾಯ್, ಬೇರು ಕಲ್ಲನ್ನು ತಬ್ಬಿ ಮಣ್ಣಿಗಿಳಿದ ಸೆಕಿಜೋಜು. ಕೆಂಗಾಯ್ ಮರದ ಕುಂಡ ಯಾವಾಗಲೂ ಎತ್ತರ, ಇಲ್ಲದಿದ್ದರೆ ಭಾರಕ್ಕೆ ಮಗುಚುತ್ತದೆ.

ಹನ್ನೆರಡು ಮರ ಆರಿಸುವುದು ಹೇಗೆ ಎಂಬ ತೊಡಕನ್ನು ತೋಟವೇ ಬಿಡಿಸಿತು. ಅಲ್ಲಿ ಮರಗಳನ್ನು ರಾಶಿ, ನಕ್ಷತ್ರಗಳ ಪ್ರಕಾರವೂ ಜೋಡಿಸಿದ್ದಾರೆ. ಜಪಾನಿನ ಕಲೆ ಇಲ್ಲಿ ಪಂಚಾಂಗದ ಜೊತೆ ಸೇರಿಕೊಂಡಿರುವುದೇ ಈ ತೋಟದ ದೊಡ್ಡ ಸೊಗಸು. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ನಕ್ಷತ್ರದ ಮರವನ್ನು ಮೊದಲೇ ಬರೆದಿಟ್ಟುಕೊಳ್ಳುವುದು: ಕೃತ್ತಿಕೆಗೆ ಅತ್ತಿ, ರೋಹಿಣಿಗೆ ನೇರಳೆ, ಪುಷ್ಯಕ್ಕೆ ಅರಳಿ, ಮಘೆಗೆ ಆಲ. ಕೆಲವು ನಕ್ಷತ್ರಗಳಿಗೆ ಪಟ್ಟಿಯಿಂದ ಪಟ್ಟಿಗೆ ಮರ ಬದಲಾಗುತ್ತದೆ, ಅಲ್ಲಿನ ಫಲಕದಲ್ಲಿರುವುದನ್ನೇ ಒಪ್ಪುವುದು. ಎಂಟು ಜನಕ್ಕೆ ಎಂಟು ಮರ, ಉಳಿದ ನಾಲ್ಕು ಮರ ಶೈಲಿ ನೋಡುವುದಕ್ಕೆ. ಇಬ್ಬರದು ಒಂದೇ ನಕ್ಷತ್ರವಾದರೆ ಇನ್ನೂ ಒಳ್ಳೆಯದು, ಆ ಐದು ನಿಮಿಷವೂ ಕೂರುವುದಕ್ಕೆ ಸಿಗುತ್ತದೆ.

ಮೂರನೇ ವಾರ: ದಿನ, ಹೊತ್ತು

ಡಿಸೆಂಬರ್ ಮೊದಲರ್ಧದ ಒಂದು ವಾರದ ದಿನ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ. ಓರೆ ಬಿಸಿಲಿನಲ್ಲಿ ತೊಗಟೆಯ ಗೆರೆ, ಬೇರಿನ ಉಬ್ಬು ಎದ್ದು ಕಾಣುತ್ತವೆ. ನೆತ್ತಿಯ ಬಿಸಿಲು ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ನೀರು ಹಾಕಿದ ಹೊಸತರಲ್ಲಿ ಪಾಚಿ ಹಸಿರಾಗಿ, ಕಾಂಡ ಕಪ್ಪಾಗಿ ತುಂಬ ಚೆನ್ನಾಗಿರುತ್ತದೆ, ಆದರೆ ದಾರಿಯೂ ಒದ್ದೆ. ಸವೆದ ಚಪ್ಪಲಿ ಬೇಡ.

ಹಿಂದಿನ ದಿನ ಫೋನ್ ಮಾಡಿ ಕೇಳಬೇಕಾದ್ದು ನಾಲ್ಕು: ವಾರದ ರಜೆ, ಮಧ್ಯಾಹ್ನ ಮುಚ್ಚುವ ಹೊತ್ತು, ಮಡಿಸುವ ಸ್ಟೂಲ್ ಒಳಗೆ ಬಿಡುತ್ತಾರೆಯೇ, ಕ್ಯಾಮೆರಾಕ್ಕೆ ಏನು ನಿಯಮ. ಆಶ್ರಮದಲ್ಲಿ ವಿಶೇಷ ಪೂಜೆ, ಆರಾಧನೆ ಇದ್ದರೆ ಜನ ಹೆಚ್ಚು, ದಿನ ಮುಂದೂಡುವುದೇ ಲೇಸು.

ಅರಮನೆ ಹತ್ತಿರದ ಸಿಟಿ ಬಸ್ ನಿಲ್ದಾಣದಿಂದ ಐದು ಕಿಲೋಮೀಟರಿನೊಳಗೆ. ಮಂಡಿನೋವಿನವರಿಗೆ ಬಸ್ಸಿನ ಮೆಟ್ಟಿಲು ಬೇಡ. ಒಂದು ಆಟೊ, ಒಂದು ಕಾರು.

ನಾಲ್ಕನೇ ವಾರ: ಚೀಲ

ಒಬ್ಬರಿಗೆ ಒಂದು ಲೀಟರ್ ನೀರು. ಹಗುರ ಸ್ಟೂಲ್ ಎರಡು. ಟೋಪಿ, ಚಪ್ಪಲಿ ಇಡಲು ಬಟ್ಟೆ ಚೀಲ, ನಕ್ಷತ್ರದ ಹಾಳೆ, ಪೆನ್ಸಿಲ್. ಮೊಸರನ್ನದ ಬುತ್ತಿ ಕಾರಿನಲ್ಲೇ ಇರಲಿ, ಊಟ ಹೊರಗೆ ಬಂದ ಮೇಲೆ. ಪಾಚಿ ಮುಟ್ಟಬಾರದು ಎಂದು ಮಕ್ಕಳಿಗಿಂತ ದೊಡ್ಡವರಿಗೇ ಮೊದಲು ಹೇಳಬೇಕು. ಬೆರಳು ಒತ್ತಿದ ಕಡೆ ಅದು ಕಿತ್ತು ಬರುತ್ತದೆ, ಮಣ್ಣು ಬಯಲಾಗಿ ಮುಂದಿನ ನೀರಿಗೆ ಕೊಚ್ಚಿಹೋಗುತ್ತದೆ.

ಬಾಕಿ ಇರುವುದು: ಗಾಲಿಕುರ್ಚಿ ಎಲ್ಲಿಯವರೆಗೆ ಹೋಗುತ್ತದೆ ಎಂದು ಒಬ್ಬರು ಮುಂಚೆ ಹೋಗಿ ನೋಡಿ ಬರಬೇಕು. ಎರಡನೇ ಭೇಟಿಗೆ ಫೆಬ್ರವರಿ ಕೊನೆಯನ್ನು ಗುರುತು ಹಾಕಿದ್ದೇವೆ. ಅರಳಿ ಎಲೆ ಉದುರಿಸಿ ತಾಮ್ರದ ಬಣ್ಣದ ಚಿಗುರು ಬಿಡುವ ಹೊತ್ತದು. ಡಿಸೆಂಬರಿನಲ್ಲಿ ಎಲೆಯ ಮರೆಯಲ್ಲಿದ್ದ ಕೊಂಬೆಗಳೆಲ್ಲ ಆಗ ಕಾಣಸಿಗುತ್ತವೆ, ಅದೇ ಹಾಳೆಯ ಹಿಂಬದಿಯಲ್ಲಿ ಬರೆದುಕೊಳ್ಳಲು ಜಾಗ ಬಿಟ್ಟಿದ್ದೇವೆ.