ಹೆಸರು ಅಳಿಸಿದ್ದೆ, ಆದರೂ ಗುರುತು ಸಿಕ್ಕಿತು

ನಾನು ಕಣ್ಣಿನ ತಪಾಸಣೆ ಮಾಡುವ ಸಂಸ್ಥೆಯೊಂದರಲ್ಲಿ ಡೇಟಾ ನೋಡಿಕೊಳ್ಳುತ್ತೇನೆ. ನಾವು ಹಳ್ಳಿಗಳಲ್ಲಿ ಕ್ಯಾಂಪ್ ಹಾಕುತ್ತೇವೆ. ಕಣ್ಣಿನ ಹಿಂಭಾಗದ ಪದರ, ಅಂದರೆ ರೆಟಿನಾದ ಫೋಟೋ ತೆಗೆಯುತ್ತೇವೆ. ಸಕ್ಕರೆ ಕಾಯಿಲೆಯಿಂದ ಅಲ್ಲಿ ಹಾನಿಯಾಗಿದೆಯಾ ಎಂದು ಮೊದಲು ಎಐ ನೋಡುತ್ತದೆ. ಅನುಮಾನ ಬಂದವರನ್ನು ಡಾಕ್ಟರ ಹತ್ತಿರ ಕಳಿಸುತ್ತೇವೆ.

ಈ ಕೆಲಸದ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಾಗ ಶುರುವಿನಲ್ಲಿ ನೋವೂ ಇರುವುದಿಲ್ಲ, ಮಂಜೂ ಇರುವುದಿಲ್ಲ. ಗೊತ್ತಾಗುವ ಹೊತ್ತಿಗೆ ಎಷ್ಟೋ ಜನಕ್ಕೆ ತಡವಾಗಿರುತ್ತದೆ. 2016ರಲ್ಲಿ ಗೂಗಲ್ ಸಂಶೋಧಕರು ಸುಮಾರು 1.28 ಲಕ್ಷ ರೆಟಿನಾ ಚಿತ್ರ ಕೊಟ್ಟು ಯಂತ್ರಕ್ಕೆ ಇದನ್ನು ಕಲಿಸಿದರು. ಚಿತ್ರ ಕೊಟ್ಟ ಆಸ್ಪತ್ರೆಗಳಲ್ಲಿ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಇತ್ತು. ಯಂತ್ರ ಕಲಿತದ್ದು ಜನರ ಕಣ್ಣಿನಿಂದಲೇ.

ನಮ್ಮ ಫೋಟೋಗಳೂ ಹಾಗೇ ಒಂದು ಕಂಪನಿಗೆ ಹೋಗಬೇಕಿತ್ತು. ಜೊತೆಗೆ ಒಂದು ಎಕ್ಸೆಲ್ ಶೀಟ್. ಹೆಸರು, ಫೋನ್ ನಂಬರ್, ಆಧಾರ್, ಮೂರೂ ಕಾಲಂ ಅಳಿಸಿದೆ. ಇನ್ನು ಯಾರ ಗುರುತೂ ಸಿಗುವುದಿಲ್ಲ ಎಂದುಕೊಂಡು ಕಳಿಸಿಬಿಟ್ಟೆ.

ಮುಂದಿನ ತಿಂಗಳು ಎರಡನೇ ಶೀಟ್ ಮಾಡುತ್ತಿದ್ದೆ. ಮೊದಲಿನದೂ ಪಕ್ಕದಲ್ಲೇ ತೆರೆದಿತ್ತು. ಕ್ಯಾಂಪ್ ನೋಡಿಕೊಳ್ಳುವ ಸಹೋದ್ಯೋಗಿಯೊಬ್ಬರು ಬಂದು ಆ ಮೊದಲ ಶೀಟಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. ಊರಿನ ಹೆಸರು, ಹೆಣ್ಣು, 24 ವರ್ಷ, ಟೈಲರ್. "ಸರ್, ಇದು ನಮ್ಮ ಬೀದಿ ಹುಡುಗಿ ಅಲ್ವಾ?" ಎಂದರು. ಆಮೇಲೆ ಅದೇ ಸಾಲಿನ ಕೊನೆಗೆ ಅವರ ಕಣ್ಣು ಹೋಯಿತು. ಷರಾ ಕಾಲಂ. ಅಲ್ಲಿ "ಟಿಬಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ" ಎಂದಿತ್ತು. ಎಥಾಂಬ್ಯುಟಾಲ್ ಎಂಬ ಟಿಬಿ ಮಾತ್ರೆ ಕೆಲವರಿಗೆ ಕಣ್ಣಿನ ನರಕ್ಕೆ ತೊಂದರೆ ಕೊಡುತ್ತದೆ. ಅದಕ್ಕೇ ನಾವು ಕೇಳಿ ಬರೆದುಕೊಳ್ಳುತ್ತೇವೆ. ಆ ಮನೆಯವರು ಕಾಯಿಲೆ ವಿಷಯ ಯಾರಿಗೂ ಹೇಳಿರಲಿಲ್ಲ. ಗಂಡು ನೋಡುತ್ತಿದ್ದರಂತೆ.

(ಆಕೆಯ ವಯಸ್ಸು, ಕೆಲಸ ಎರಡನ್ನೂ ಇಲ್ಲಿ ಬದಲಾಯಿಸಿ ಬರೆದಿದ್ದೇನೆ.)

ಆ ರಾತ್ರಿ ನಿದ್ದೆ ಬರಲಿಲ್ಲ. ಮುನ್ನೂರು ಮನೆಯ ಊರಿನಲ್ಲಿ ವಯಸ್ಸು ಮತ್ತು ಕಸುಬು ಸಾಕು, ಹೆಸರೇ ಬೇಡ. ಅದು ನನಗೆ ಹೊಳೆಯಬೇಕಿತ್ತು, ನಾನೂ ಅಂಥದೇ ಊರಿನವನು. ಬೆಳಿಗ್ಗೆ ಕಂಪನಿಗೆ ಫೋನ್ ಮಾಡಿದೆ. ಶೀಟ್ ಅಳಿಸಿದರು. ಆದರೆ ಮೊದಲ ಸುತ್ತಿನ ತರಬೇತಿಗೆ ಆಗಲೇ ಅದನ್ನು ಬಳಸಿಯಾಗಿತ್ತು. ಯಂತ್ರ ಕಲಿತದ್ದರಿಂದ ಒಬ್ಬರ ಪಾಲನ್ನಷ್ಟೇ ಹೊರಗೆ ತೆಗೆಯುವುದು ತುಂಬಾ ಕಷ್ಟ ಎಂದರು. ಫೈಲನ್ನು ಇನ್ನು ಯಾರ್ಯಾರು ತೆರೆದು ನೋಡಿದ್ದರೋ!

ಈಗ ಊರಿನ ಬದಲು ತಾಲ್ಲೂಕು ಮಾತ್ರ ಬರೆಯುತ್ತೇವೆ. ವಯಸ್ಸು ಐದು ವರ್ಷದ ಗುಂಪಿನಲ್ಲಿ, ತಾರೀಖಿನ ಬದಲು ತಿಂಗಳು. ಕಸುಬು, ಷರಾ ಎರಡೂ ಹೊರಗೆ ಹೋಗುವುದಿಲ್ಲ. ಒಂದೇ ಥರದ ವಿವರ ಇರುವವರು ಹತ್ತು ಜನಕ್ಕಿಂತ ಕಡಿಮೆ ಇದ್ದರೆ ಆ ಸಾಲುಗಳನ್ನೂ ತೆಗೆದುಬಿಡುತ್ತೇವೆ. ಇದರಿಂದ ಒಳ್ಳೆಯ ಡೇಟಾ ಸ್ವಲ್ಪ ಕಳೆದುಹೋಗುತ್ತದೆ, ಹೌದು. ಹೋಗಲಿ.

ಇಷ್ಟಾದರೂ ಫೋಟೋ ಉಳಿಯುತ್ತದಲ್ಲ. 2018ರಲ್ಲಿ ಗೂಗಲ್ ಸಂಶೋಧಕರೇ ತೋರಿಸಿದಂತೆ, ಬರೀ ರೆಟಿನಾ ಚಿತ್ರ ನೋಡಿ ಯಂತ್ರ ಗಂಡೋ ಹೆಣ್ಣೋ ಹೇಳಬಲ್ಲದು. ವಯಸ್ಸನ್ನು ಸರಾಸರಿ ಮೂರು ವರ್ಷ ಚಿಲ್ಲರೆ ಆಚೀಚೆಯಲ್ಲಿ ಊಹಿಸಬಲ್ಲದು. ಆ ಫೋಟೋದಲ್ಲಿ ಗಂಡು ಹೆಣ್ಣಿನ ಗುರುತು ಡಾಕ್ಟರ ಕಣ್ಣಿಗೂ ಕಾಣುವುದಿಲ್ಲ. ನಾಳೆ ಅದರಿಂದ ಇನ್ನೇನು ಓದುತ್ತಾರೋ ಇವತ್ತು ನನಗೆ ತಿಳಿಯದು. ತಿಳಿಯದ್ದಕ್ಕೆ ಜನರಿಂದ ಒಪ್ಪಿಗೆ ಹೇಗೆ ಕೇಳಲಿ?

ಒಪ್ಪಿಗೆ ಪಡೆಯುವ ರೀತಿಯಲ್ಲೂ ತಪ್ಪಿತ್ತು. ಪಾಪೆ ಅಗಲವಾಗಲು ಡ್ರಾಪ್ಸ್ ಹಾಕುತ್ತೇವೆ. ಅದಾದ ಮೇಲೆ ಕೆಲವು ಗಂಟೆ ಹತ್ತಿರದ್ದು ಓದಲು ಬರುವುದಿಲ್ಲ. ನಾವು ಸಹಿ ಹಾಕಿಸುತ್ತಿದ್ದದ್ದು ಡ್ರಾಪ್ಸ್ ಹಾಕಿದ ಮೇಲೆ! ಅದೂ ಇಂಗ್ಲಿಷ್ ಫಾರಂಗೆ. ಎಷ್ಟೋ ವರ್ಷದಿಂದ ಹಾಗೇ ನಡೆದಿತ್ತು.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ. ಪೇಪರಿನಲ್ಲಿ ಓದಿದ್ದೆ. ನನ್ನ ಎಕ್ಸೆಲ್ ಶೀಟಿಗೂ ಅದಕ್ಕೂ ಸಂಬಂಧ ಇದೆ ಎಂದು ಆಗ ಅನಿಸಿರಲಿಲ್ಲ. 2023ರ ಡೇಟಾ ರಕ್ಷಣಾ ಕಾಯ್ದೆ ಪ್ರಕಾರ ಒಪ್ಪಿಗೆಯ ನೋಟಿಸ್ ಕನ್ನಡದಲ್ಲೂ ಸಿಗಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯಲೂ ಆಗಬೇಕು.

ಈಗ ಡ್ರಾಪ್ಸ್‌ಗೆ ಮುಂಚೆ, ಎದುರು ಕೂತು ಓದಿ ಹೇಳುತ್ತೇವೆ. ಫೋಟೋ ಎಲ್ಲಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ, ಬೇಡ ಎಂದರೂ ತಪಾಸಣೆ ಮಾಡುತ್ತೇವೆ, ಎಲ್ಲವನ್ನೂ. ಒಬ್ಬರಿಗೆ ಐದು ನಿಮಿಷ ಜಾಸ್ತಿ ಹಿಡಿಯುತ್ತದೆ. ಕ್ಯೂ ಬೆಳೆಯುತ್ತದೆ, ಕೆಲವರು ಗೊಣಗುತ್ತಾರೆ.

ಹೋದ ವಾರ ಒಬ್ಬ ಅಜ್ಜಿ ಎಲ್ಲಾ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, "ಕಣ್ಣಿನ ಫೋಟೋ ಕಳ್ಸು, ನಾಲ್ಕು ಜನಕ್ಕೆ ಒಳ್ಳೇದಾಗ್ಲಿ. ಊರಿನ ಹೆಸರು ಮಾತ್ರ ಬರೀಬೇಡ ಕಣಪ್ಪ" ಎಂದರು.

ತಾಲ್ಲೂಕಿನ ಹೆಸರಷ್ಟೇ ಬರೆದು, ಅವರಿಗೆ ಓದಿ ಹೇಳಿದೆ.