ಅಗ್ನಿವೀರನ ನಿಧಿಗೆ ಎಟುಕದ ನಿವೇಶನ

ಬಳ್ಳಾರಿಯ ಕೌಲ್ ಬಜಾರಿನಲ್ಲಿರುವ ನಮ್ಮ ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಜೀನ್ಸ್ ಹೊಲಿಯುವ ಮೂರು ಯಂತ್ರಗಳಿವೆ. ಈಗ ಎರಡರ ಮೇಲೆ ಹಳೆಯ ಸೀರೆ ಹೊದಿಸಿದ್ದಾರೆ. 2011ರಲ್ಲಿ ಬಾಂಗ್ಲಾದೇಶದ ಸಿದ್ಧ ಉಡುಪಿಗೆ ಭಾರತದೊಳಗೆ ಸುಂಕವಿಲ್ಲದ ಪ್ರವೇಶ ದೊರೆತ ಮೇಲೆ, ಬಾಡಿಗೆ, ವಿದ್ಯುತ್ತು, ನೂಲು ಎಲ್ಲವನ್ನೂ ತಾವೇ ಭರಿಸುವ ಇಂಥ ಮನೆಗಳು ಆ ಉಡುಪಿನ ಅಗ್ಗದ ದರದೊಂದಿಗೆ ಸೆಣಸಬೇಕಾಯಿತು. 2025ರ ಮೇ ತಿಂಗಳಲ್ಲಿ ಕೇಂದ್ರವು ಆ ಆಮದನ್ನು ಮುಂಬೈ ಬಳಿಯ ನ್ಹಾವಾ ಶೇವಾ ಮತ್ತು ಕೋಲ್ಕತ್ತ ಬಂದರುಗಳಿಗಷ್ಟೇ ಸೀಮಿತಗೊಳಿಸಿತಾದರೂ ಅಕ್ಕನ ಮಗ ಅಷ್ಟರಲ್ಲಿ ಹೊಲಿಗೆ ಬಿಟ್ಟು ಅಗ್ನಿವೀರನಾಗಿ ಸೇನೆಗೆ ಸೇರಿದ್ದ.

2022ರ ಜೂನ್‌ನಲ್ಲಿ ಘೋಷಣೆಯಾದ, ನಾಲ್ಕು ವರ್ಷಕ್ಕಷ್ಟೇ ಸೇನೆಗೆ ಸೇರಿಸಿಕೊಳ್ಳುವ ಆ ಅಗ್ನಿಪಥ ಯೋಜನೆಯಲ್ಲಿ ಸಂಬಳ ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೆಯ ವರ್ಷ 40,000 ರೂಪಾಯಿ. ಅದರಲ್ಲಿ ಶೇ 30ರಷ್ಟು ಸೇವಾ ನಿಧಿಗೆ ಹೋಗುತ್ತದೆ, ಸರ್ಕಾರವೂ ಅಷ್ಟೇ ಸೇರಿಸುತ್ತದೆ. ಕೊನೆಗೆ ಬಡ್ಡಿ ಸಹಿತ ಕೈಗೆ ಬರುವುದು ಸುಮಾರು 11.71 ಲಕ್ಷ. ಪಿಂಚಣಿಯಿಲ್ಲ, ಸೇನೆಯಲ್ಲಿ ಉಳಿಸಿಕೊಳ್ಳುವುದು ಹೆಚ್ಚೆಂದರೆ ಶೇ 25ರಷ್ಟು ಮಂದಿಯನ್ನು.

ಕಳೆದ ರಜೆಯಲ್ಲಿ ಅವನು ಅವ್ವನನ್ನು ಕರೆದುಕೊಂಡು ಊರ ಹೊರಗಿನ ಬಡಾವಣೆಯಲ್ಲಿ ಮೂವತ್ತು–ನಲವತ್ತರ ನಿವೇಶನ ನೋಡಲು ಹೋಗಿದ್ದ. ದಲ್ಲಾಳಿ ಹೇಳಿದ ದರವನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡು ಬಂದು ನನಗೆ ತೋರಿಸಿದ: ಇಡೀ ನಿಧಿ ಸುರಿದರೂ ಜಾಗಕ್ಕೇ ಸಾಲದು. ಬ್ಯಾಂಕೊಂದರಲ್ಲಿ, ನಾಲ್ಕು ವರ್ಷದ ನೌಕರಿಗೆ ಇಪ್ಪತ್ತು ವರ್ಷದ ಗೃಹಸಾಲ ಕೊಡಲು ಹಿಂಜರಿದರಂತೆ.

"ಮಾಮಾ, ಇಪ್ಪತ್ತಮೂರಕ್ಕ ಹೊರಗ ಬರ್ತೀನಿ, ಆಮೇಲ ಯಾವ ಪಗಾರ ತೋರಿಸ್ಲಿ?" ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ಅಗ್ನಿವೀರರಿಗೆ ಮಾಜಿ ಸೈನಿಕರ ಸ್ಥಾನಮಾನ ಇಲ್ಲವಾದ್ದರಿಂದ, ನಗರಾಭಿವೃದ್ಧಿ ಪ್ರಾಧಿಕಾರಗಳು ನಿವೇಶನ ಹಂಚುವಾಗ ಈ ಹುಡುಗರಿಗೆಂದೇ ಪ್ರತ್ಯೇಕ ಪಾಲು ಇಡಬೇಕು ಎಂದು ನಮ್ಮ ಶಾಸಕರಿಗೆ ಪತ್ರ ಬರೆಯುತ್ತಿದ್ದೇನೆ.