ವಿದೇಶಿ ಸೊಸೆ, ವಿದೇಶಿ ಅಳಿಯ: ಊರಿಗೆ ಮರಳುವ ಮುನ್ನ ಲೆಕ್ಕ ಹಾಕಬೇಕಾದ ತಾರೀಖುಗಳು

2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ, 2025 ಜಾರಿಯಲ್ಲಿದೆ. 1920ರ ಪಾಸ್‌ಪೋರ್ಟ್ (ಭಾರತ ಪ್ರವೇಶ) ಕಾಯ್ದೆ, 1939ರ ವಿದೇಶಿಯರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆ, 2000ನೇ ಇಸವಿಯ ವಾಹಕರ ಹೊಣೆಗಾರಿಕೆ ಕಾಯ್ದೆ, ಈ ನಾಲ್ಕೂ ರದ್ದಾಗಿ ಅವುಗಳ ಜಾಗಕ್ಕೆ ಇದೊಂದೇ ಬಂದಿದೆ. ಹೊರದೇಶದಲ್ಲಿ ಮದುವೆಯಾಗಿ, ಈಗ ಹೆಂಡತಿ ಅಥವಾ ಗಂಡನನ್ನು ಕರೆದುಕೊಂಡು ಹುಬ್ಬಳ್ಳಿಗೋ ಗದಗಿಗೋ ಮರಳಲು ಹೊರಟವರಿಗೆ ಇದರಿಂದ ಗಾಬರಿಯಾಗಿದೆ. ಗಾಬರಿಯಾಗುವಂಥದ್ದು ಬಹಳ ಇಲ್ಲ. ಎಂಟ್ರಿ ವೀಸಾ, 14 ದಿನದ ನೋಂದಣಿ, ಎರಡು ವರ್ಷದ ನಂತರದ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್, ಈ ದಾರಿ ಹಾಗೆಯೇ ಇದೆ. ಆದರೆ ತಾರೀಖು ತಪ್ಪಿದರೆ ತೆರಬೇಕಾದ ಬೆಲೆ ಏರಿದೆ. ವೀಸಾ ಅವಧಿ ಮೀರಿ ಉಳಿದರೆ ಮೂರು ವರ್ಷದವರೆಗೆ ಜೈಲು, ಮೂರು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ.

ಎಲ್ಲಕ್ಕಿಂತ ಮೊದಲು ಒಂದು ಮಾತು ಖಚಿತವಾಗಬೇಕು: ಮರಳುತ್ತಿರುವ ನಮ್ಮೂರಿನವರು ಈಗಲೂ ಭಾರತದ ಪ್ರಜೆಯೇ? ಬೇರೆ ದೇಶದ ಪೌರತ್ವ ತೆಗೆದುಕೊಂಡ ದಿನವೇ ಭಾರತದ ಪೌರತ್ವ ಹೋಗುತ್ತದೆ. ಹಳೆಯ ಪಾಸ್‌ಪೋರ್ಟ್ ಕಪಾಟಿನಲ್ಲಿದೆ ಎಂಬ ಕಾರಣಕ್ಕೆ ಅದು ಉಳಿಯುವುದಿಲ್ಲ. ಅಂಥವರು ಮೊದಲು ಆ ಪಾಸ್‌ಪೋರ್ಟ್ ಒಪ್ಪಿಸಿ ಪ್ರಮಾಣಪತ್ರ ಪಡೆದು, ತಮ್ಮ ಹೆಸರಿಗೆ ಒಸಿಐ ಮಾಡಿಸಿಕೊಳ್ಳಬೇಕು. ಸಂಗಾತಿಯ ಅರ್ಜಿ ಆಮೇಲೆ, 'ಒಸಿಐ ಕಾರ್ಡುದಾರರ ಪತ್ನಿ' ಅಥವಾ 'ಪತಿ' ಎಂಬ ಹೆಸರಿನಲ್ಲಿ. ಈ ಕ್ರಮ ತಪ್ಪಿಸಿ ಇಬ್ಬರ ಅರ್ಜಿಯನ್ನೂ ಒಟ್ಟಿಗೆ ಹಾಕಿದರೆ ಸಂಗಾತಿಯ ಅರ್ಜಿಗೆ ನಿಲ್ಲಲು ನೆಲವೇ ಇರುವುದಿಲ್ಲ.

ಇನ್ನು ಮದುವೆ ನೋಂದಣಿ. ಮುಂದಿನ ಎಲ್ಲ ಲೆಕ್ಕವೂ ಇದರ ಮೇಲೆಯೇ ನಿಂತಿದೆ, ನಮ್ಮ ಕಡೆ ಹೆಚ್ಚು ಎಡವುವುದೂ ಇಲ್ಲಿಯೇ.

ಒಸಿಐಗೆ ಸಂಬಂಧಿಸಿದ ಪೌರತ್ವ ಕಾಯ್ದೆಯ 7ಎ ಕಲಂ ಹೇಳುವುದು ಇಷ್ಟು: ಮದುವೆ ನೋಂದಣಿಯಾಗಿರಬೇಕು ಮತ್ತು ಅರ್ಜಿಗೆ ಮುಂಚಿನ ಎರಡು ವರ್ಷ ಸತತವಾಗಿ ಊರ್ಜಿತವಾಗಿರಬೇಕು. 'ನೋಂದಣಿಯಾಗಿ' ಎಂಬ ಪದವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಧಾರವಾಡದ ಕಲ್ಯಾಣ ಮಂಟಪದಲ್ಲಿ ಅಕ್ಷತೆ ಬಿದ್ದು ಎರಡು ವರ್ಷವಾಯಿತು, ನೋಂದಣಿ ಹೋದ ತಿಂಗಳು ಮಾಡಿಸಿದೆವು ಎಂದರೆ, ಅಧಿಕಾರಿಯ ಮುಂದೆ ನಿಮ್ಮ ಮದುವೆಯ ವಯಸ್ಸು ಒಂದು ತಿಂಗಳು ಎಂದೇ ತಿಳಿದು ನಡೆಯುವುದು ಲೇಸು.

ಸಂಗಾತಿ ಹಿಂದೂ ಅಲ್ಲದಿದ್ದರೆ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಆಗುವುದಿಲ್ಲ. ಶಾಸ್ತ್ರೋಕ್ತವಾಗಿ ತಾಳಿ ಕಟ್ಟಿದ್ದರೂ ಅಷ್ಟೇ. ಆಗ ಉಳಿಯುವುದು 1954ರ ವಿಶೇಷ ವಿವಾಹ ಕಾಯ್ದೆ. ಇದರ ದಿನದ ಲೆಕ್ಕ ಹೀಗಿದೆ: ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಹಿಂದಿನ 30 ದಿನ ವಾಸವಿರಬೇಕು. ಆಮೇಲೆ ನೋಟಿಸ್. ನೋಟಿಸ್ ಪ್ರಕಟವಾಗಿ 30 ದಿನ ಆಕ್ಷೇಪಣೆಗೆ ಬಿಡಬೇಕು. ಬಳಿಕ ಮೂವರು ಸಾಕ್ಷಿಗಳ ಮುಂದೆ ಮದುವೆ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಇದು ಮುಗಿಯದಿದ್ದರೆ ನೋಟಿಸ್ ಸತ್ತಂತೆ, ಮತ್ತೆ ಮೊದಲಿನಿಂದ. ಅಂದರೆ ಇಬ್ಬರೂ ಹೊರದೇಶದಲ್ಲಿದ್ದು ಮೂರು ವಾರದ ರಜೆಗೆ ಬಂದು ಮದುವೆಯನ್ನೂ ನೋಂದಣಿಯನ್ನೂ ಮುಗಿಸುತ್ತೇವೆ ಎಂಬುದು ಆಗದ ಮಾತು. ಕಡಿಮೆಯೆಂದರೂ ಎರಡು ತಿಂಗಳು ಬೇಕು. ಮೊದಲೇ ಶಾಸ್ತ್ರದ ಮದುವೆಯಾಗಿದ್ದು ಈಗ ಇದೇ ಕಾಯ್ದೆಯಡಿ ನೋಂದಣಿ ಮಾತ್ರ ಬೇಕೆಂದರೆ, ಇಬ್ಬರೂ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು, ಇಬ್ಬರಿಗೂ 21 ವರ್ಷ ತುಂಬಿರಬೇಕು. ಆಗಲೂ ನೋಟಿಸಿನ 30 ದಿನ ತಪ್ಪುವುದಿಲ್ಲ.

ಹೀಗಾಗಿ ನಮ್ಮ ಸಲಹೆ ಸ್ಪಷ್ಟ. ನೀವಿರುವ ದೇಶದಲ್ಲೇ ಕಾನೂನುಬದ್ಧವಾಗಿ ಮದುವೆ ನೋಂದಾಯಿಸಿ, ಅಥವಾ 1969ರ ವಿದೇಶಿ ವಿವಾಹ ಕಾಯ್ದೆಯಡಿ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಮಾಡಿಕೊಳ್ಳಿ. ಊರಿನ ಅಕ್ಷತೆ, ಊಟ, ಬೀಗರ ಬಳಗ ಎಲ್ಲ ಆಮೇಲೆ ಇಟ್ಟುಕೊಳ್ಳಬಹುದು. ಅಲ್ಲಿನ ಪ್ರಮಾಣಪತ್ರಕ್ಕೆ ಅಲ್ಲಿಯೇ ಅಪೊಸ್ಟಿಲ್, ಅಂದರೆ ಬೇರೆ ದೇಶಗಳೂ ಒಪ್ಪುವ ದೃಢೀಕರಣದ ಮುದ್ರೆ, ಹಾಕಿಸಿಕೊಂಡೇ ವಿಮಾನ ಹತ್ತಿ. ಇಲ್ಲಿಗೆ ಬಂದಮೇಲೆ ಆ ಮುದ್ರೆ ಇಲ್ಲಿ ಸಿಗುವುದಿಲ್ಲ, ಪತ್ರ ಕೊಟ್ಟ ದೇಶವೇ ಹಾಕಬೇಕು. ಅಪೊಸ್ಟಿಲ್ ಒಪ್ಪಂದದಲ್ಲಿ ಇಲ್ಲದ ದೇಶವಾದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಬೇಕು. ಕೆನಡಾದಲ್ಲಿ ಈ ಒಪ್ಪಂದ ಜಾರಿಗೆ ಬಂದದ್ದು 2024ರ ಜನವರಿ 11ರಂದು. ಅದಕ್ಕೂ ಮುಂಚೆ ಅಲ್ಲಿಂದ ಬಂದವರು ಹೇಳುವ ದಾರಿ ಈಗಿನ ದಾರಿಯಲ್ಲ.

ಹೆಸರಿನ ವಿಷಯದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ. ನಮ್ಮಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಬರುತ್ತವೆ. ಶಾಲೆಯ ದಾಖಲೆಯಲ್ಲಿ ಒಂದು ಕ್ರಮ, ಪಾಸ್‌ಪೋರ್ಟಿನಲ್ಲಿ ಇನ್ನೊಂದು, ಮದುವೆ ಪತ್ರದಲ್ಲಿ ಮಗದೊಂದು ಆಗಿಬಿಡುತ್ತದೆ. ಸಬ್‌ರಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕುವ ಮುನ್ನ ಕರಡು ಪ್ರತಿ ಕೇಳಿ ತೆಗೆದುಕೊಂಡು, ಇಬ್ಬರ ಪಾಸ್‌ಪೋರ್ಟನ್ನೂ ಪಕ್ಕದಲ್ಲಿಟ್ಟು ಒಂದೊಂದೇ ಇಂಗ್ಲಿಷ್ ಅಕ್ಷರ ಹೊಂದಿಸಿ ನೋಡಿ. ವಿದೇಶಿ ಹೆಸರನ್ನು ಕಿವಿಗೆ ಕೇಳಿದಂತೆ ಬರೆದುಬಿಡುವುದು ಸಾಮಾನ್ಯ. ಆ ಒಂದಕ್ಷರದ ತಿದ್ದುಪಡಿಗೆ ಮುಂದೆ ತಿಂಗಳುಗಟ್ಟಲೆ ಓಡಾಡಬೇಕಾಗುತ್ತದೆ. ನಮ್ಮ ಭಾಗಕ್ಕೇ ಸೇರಿದ ಇನ್ನೆರಡು ತೊಡಕುಗಳಿವೆ. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ, ಅದಕ್ಕೆ ಮುಂಚೆ ಹುಟ್ಟಿದವರ ದಾಖಲೆಯಲ್ಲಿ ಧಾರವಾಡ ಜಿಲ್ಲೆ ಎಂದಿರುತ್ತದೆ. 2014ರ ನವೆಂಬರ್ 1ಕ್ಕೆ ಮುಂಚಿನ ಕಾಗದಗಳಲ್ಲಿ ಹುಬ್ಬಳ್ಳಿಯ ಇಂಗ್ಲಿಷ್ ಕಾಗುಣಿತ 'ಹುಬ್ಲಿ'. ಎರಡೂ ಒಂದೇ ಊರು ಎಂದು ದೆಹಲಿಯಲ್ಲಿ ಕೂತು ಕಡತ ನೋಡುವವರಿಗೆ ತಾನಾಗಿ ಗೊತ್ತಾಗುವುದಿಲ್ಲ. ಒಂದು ಪುಟದ ನೋಟರಿ ಅಫಿಡವಿಟ್ ಮೊದಲೇ ಲಗತ್ತಿಸಿದರೆ ಒಂದು ಸುತ್ತಿನ ಪ್ರಶ್ನೆ ತಪ್ಪುತ್ತದೆ.

ವೀಸಾ ಬಗ್ಗೆ ಹೇಳಬೇಕಾದದ್ದು ಕಡಿಮೆ. ನೆಲೆಸಲು ಬರುವ ಸಂಗಾತಿಗೆ ಬೇಕಾದದ್ದು ಎಂಟ್ರಿ ವೀಸಾ, ಜನ ಎಕ್ಸ್ ವೀಸಾ ಎನ್ನುತ್ತಾರೆ. ಐದು ವರ್ಷದವರೆಗೂ, ಹಲವು ಬಾರಿ ಬಂದುಹೋಗುವಂತೆ ಕೊಡಬಹುದು. ಇದನ್ನು ಹೊರಡುವ ಮುನ್ನ ಭಾರತೀಯ ರಾಯಭಾರ ಕಚೇರಿಯಿಂದ ಪಡೆಯಿರಿ. ಇ-ಪ್ರವಾಸಿ ವೀಸಾ ಬೇಗ ಸಿಗುತ್ತದೆ ಎಂದು ಅದರಲ್ಲಿ ಬಂದು, ಇಲ್ಲಿ ಬದಲಾಯಿಸಿಕೊಳ್ಳುತ್ತೇವೆ ಎಂದುಕೊಳ್ಳಬೇಡಿ. ಭಾರತದ ಪ್ರಜೆಯನ್ನು ಮದುವೆಯಾದವರ ವೀಸಾ ಬದಲಿಸಿಕೊಡಲು ಅವಕಾಶವಿದ್ದರೂ ಅದು ವಿಚಾರಣೆ, ಪರಿಶೀಲನೆ ಎಲ್ಲ ಮುಗಿದ ಮೇಲೆ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು, ನಿಮ್ಮ ಹಕ್ಕಲ್ಲ. ಎಕ್ಸ್ ವೀಸಾ ಕೆಲಸದ ವೀಸಾವೂ ಅಲ್ಲ. ಇಲ್ಲಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತೆಂದು ಅನುಮತಿ ಇಲ್ಲದೆ ಸೇರಿದರೆ, ಸಂಬಳ ಎಷ್ಟೇ ಸಣ್ಣದಿರಲಿ, ಅದು ವೀಸಾ ಉಲ್ಲಂಘನೆ.

ಬಂದಿಳಿದ ದಿನದಿಂದ ಗಡಿಯಾರ ಓಡತೊಡಗುತ್ತದೆ. 180 ದಿನಕ್ಕಿಂತ ಹೆಚ್ಚಿನ ವೀಸಾ ಇದ್ದವರು 14 ದಿನದೊಳಗೆ ಎಫ್‌ಆರ್‌ಆರ್‌ಒದಲ್ಲಿ, ಅಂದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯಲ್ಲಿ, ನೋಂದಣಿ ಮಾಡಿಸಬೇಕು. ಲೆಕ್ಕ ಬೆಂಗಳೂರಲ್ಲೋ ಮುಂಬೈಯಲ್ಲೋ ಪಾಸ್‌ಪೋರ್ಟಿಗೆ ಮುದ್ರೆ ಬಿದ್ದ ದಿನದಿಂದ, ಊರು ತಲುಪಿದ ದಿನದಿಂದಲ್ಲ. ದಾರಿಯಲ್ಲಿ ಮೈಸೂರು, ಹಂಪಿ ತೋರಿಸಿಕೊಂಡು ಹತ್ತು ದಿನ ಬಿಟ್ಟು ಮನೆ ಸೇರಿದರೆ ಕೈಯಲ್ಲಿ ಉಳಿಯುವುದು ನಾಲ್ಕೇ ದಿನ.

ಅರ್ಜಿ ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ. ಕರೆದರೆ ಮಾತ್ರ ಕಚೇರಿಗೆ ಹೋಗಬೇಕು, ಇಲ್ಲದಿದ್ದರೆ ಪತ್ರ ಇಮೇಲಿಗೆ ಬರುತ್ತದೆ. ಏಜೆಂಟರ ಅಗತ್ಯವಿಲ್ಲ. ಮುಖ್ಯವಾಗಿ, ಅರ್ಜಿಯಲ್ಲಿ ಏಜೆಂಟರ ಇಮೇಲ್ ಕೊಡಲೇಬೇಡಿ. ಕಚೇರಿಯ ಪ್ರಶ್ನೆ ಅವರಿಗೆ ಬಂದು, ಅವರು ನೋಡದೆ ಬಿಟ್ಟರೆ ಅರ್ಜಿ ಮುಚ್ಚಿಹೋಗುತ್ತದೆ. ಸ್ಥಳೀಯ ವಿಚಾರಣೆ ಹುಬ್ಬಳ್ಳಿ-ಧಾರವಾಡ ಅವಳಿ ನಗರದೊಳಗಾದರೆ ಪೊಲೀಸ್ ಕಮಿಷನರೇಟಿಗೆ ಸೇರುತ್ತದೆ. ನವಲಗುಂದ, ಕಲಘಟಗಿಯಂಥ ಊರುಗಳು ಧಾರವಾಡ ಜಿಲ್ಲಾ ಎಸ್‌ಪಿಗೆ, ಗದಗ ಮತ್ತು ಹಾವೇರಿಯವರು ಆಯಾ ಜಿಲ್ಲೆಯ ಎಸ್‌ಪಿಗೆ. ಹುಬ್ಬಳ್ಳಿಯ ಬಾಡಿಗೆ ಮನೆಯ ವಿಳಾಸ ಕೊಟ್ಟು ಗದಗಿನ ತವರಲ್ಲಿ ಉಳಿದರೆ, ವಿಚಾರಣೆಗೆ ಬಂದ ಪೊಲೀಸರು ಬೀಗ ನೋಡಿ 'ವಾಸವಿಲ್ಲ' ಎಂದು ಬರೆಯುತ್ತಾರೆ. ವಿಳಾಸ ಬದಲಾದ ಕೂಡಲೇ ಅದೇ ಜಾಲತಾಣದಲ್ಲಿ ತಿಳಿಸಿ.

ಅರ್ಜಿ ಸಿಕ್ಕಿಕೊಳ್ಳುವುದು ಬಹುಮಟ್ಟಿಗೆ ವಿಳಾಸದ ಪುರಾವೆಯಲ್ಲಿ. ನಮ್ಮ ಹಳೆಯ ಮನೆಗಳ ಹೆಸ್ಕಾಂ ಕರೆಂಟ್ ಬಿಲ್ ಕೈಗೆ ತೆಗೆದುಕೊಂಡು ನೋಡಿ: ಆರ್‌ಆರ್ ನಂಬರ್ ಇದೆ, ಕೆಳಗೆ ತೀರಿಕೊಂಡು ಇಪ್ಪತ್ತು ವರ್ಷವಾದ ಅಜ್ಜನ ಹೆಸರಿದೆ. ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆ ಪತ್ರದಲ್ಲಿ, ಅಪ್ಪ, ದೊಡ್ಡಪ್ಪ, ಕಾಕಾ ಮೂವರ ಹೆಸರಿದೆ. ಮಗನ ಹೆಸರು ಎಲ್ಲೂ ಇಲ್ಲ. ಬರೀ ಈ ಬಿಲ್ ಲಗತ್ತಿಸಿದರೆ ಅರ್ಜಿ ವಾಪಸ್ ಬರುವುದು ಬಹುತೇಕ ಖಂಡಿತ. ಮಾಡಬೇಕಾದದ್ದು: ಇತ್ತೀಚಿನ ಕರೆಂಟ್ ಬಿಲ್, ಜೊತೆಗೆ ಪಾಲಿಕೆಯ ಉತಾರ ಅಥವಾ ಹಳ್ಳಿಯಾದರೆ ಪಂಚಾಯಿತಿಯ ಇ-ಸ್ವತ್ತು ಪತ್ರ, ಉತಾರದಲ್ಲಿ ಹೆಸರಿರುವ ಹಿರಿಯರೊಬ್ಬರು ಬಾಂಡ್ ಪೇಪರ್ ಮೇಲೆ ನೋಟರಿ ಮುಂದೆ ಬರೆದುಕೊಟ್ಟ 'ನನ್ನ ಮಗ ಮತ್ತು ಸೊಸೆ ಈ ಮನೆಯಲ್ಲಿ ವಾಸವಿದ್ದಾರೆ' ಎಂಬ ಒಪ್ಪಿಗೆ ಪತ್ರ, ಆ ಹಿರಿಯರ ಗುರುತಿನ ಚೀಟಿ. ಈ ನಾಲ್ಕನ್ನೂ ಒಂದೇ ಪಿಡಿಎಫ್ ಮಾಡಿ ಹಾಕಿ. ಕನ್ನಡದಲ್ಲಿರುವ ಕಾಗದಕ್ಕೆ ಇಂಗ್ಲಿಷ್ ಅನುವಾದವನ್ನೂ ಸೇರಿಸಿ. ಅಕ್ಕಪಕ್ಕದವರಿಗೆ ಸೊಸೆಯ ಹೆಸರನ್ನು ಮೊದಲೇ ಹೇಳಿಡಿ, ವಿಚಾರಣೆಗೆ ಬಂದವರು ಅವರನ್ನೂ ಕೇಳಬಹುದು.

ವಿದೇಶಿಯರಿಗೆ ಇಳಿದುಕೊಳ್ಳಲು ಜಾಗ ಕೊಟ್ಟವರು 24 ಗಂಟೆಯೊಳಗೆ ಮಾಹಿತಿ ಸಲ್ಲಿಸಬೇಕೆಂಬ ನಿಯಮವೂ ಇದೆ. ಬಹುಕಾಲ 'ಸಿ ಫಾರಂ' ಎಂದೇ ಕರೆಯುತ್ತಿದ್ದದ್ದು ಇದನ್ನೇ. ಲಾಡ್ಜಿಗಷ್ಟೇ ಅಲ್ಲ, ಬಾಡಿಗೆ ಮನೆಯ ಮಾಲೀಕರಿಗೂ ಇದು ತಟ್ಟುತ್ತದೆ. ಮನೆ ಹಿಡಿಯುವಾಗಲೇ ಅವರಿಗೆ ಹೇಳಿ. ಆಸ್ಪತ್ರೆಗಳೂ ವಿದೇಶಿ ರೋಗಿಗಳ ಮಾಹಿತಿ ಕೊಡಬೇಕೆಂದು ಹೊಸ ಕಾಯ್ದೆ ಹೇಳುತ್ತದೆ. ಆದ್ದರಿಂದ ಹೆರಿಗೆಗೆ ಸೇರಿಸುವಾಗ ಪಾಸ್‌ಪೋರ್ಟ್, ವೀಸಾ ಪ್ರತಿ ಚೀಲದಲ್ಲಿರಲಿ.

ಹೆರಿಗೆಯ ಮಾತು ಬಂದದ್ದರಿಂದ ಇದನ್ನು ಒತ್ತಿ ಹೇಳಲೇಬೇಕು. 2004ರ ಡಿಸೆಂಬರ್ 3ರಿಂದೀಚೆ ಭಾರತದಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿನಿಂದ ಪೌರತ್ವ ಸಿಗಬೇಕಾದರೆ ಇಬ್ಬರೂ ಭಾರತದ ಪ್ರಜೆಗಳಾಗಿರಬೇಕು, ಅಥವಾ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ವೀಸಾ ಅವಧಿ ಮೀರಿ ಉಳಿದವರು ಕಾನೂನಿನ ಕಣ್ಣಲ್ಲಿ ಅಕ್ರಮ ವಲಸಿಗರು. ತಾಯಿಯ ವೀಸಾ ಮುಗಿದಿದ್ದಾಗ ಮಗು ಹುಟ್ಟಿದರೆ, ಅಪ್ಪ ಅಪ್ಪಟ ಹಾವೇರಿಯವನಾದರೂ ಮಗುವಿನ ಪೌರತ್ವಕ್ಕೇ ಕುತ್ತು. ಬಸಿರಿನ ಓಡಾಟದಲ್ಲಿ ಮರೆತುಹೋಗುವ ತಾರೀಖು ಇದು. ವೀಸಾ ಮುಗಿಯಲು ಎರಡು ತಿಂಗಳಿರುವಾಗಲೇ ವಿಸ್ತರಣೆಗೆ ಅರ್ಜಿ ಹಾಕಿ.

ಎರಡು ವರ್ಷ ತುಂಬಿದ ಮೇಲೆ ಒಸಿಐ. ಭಾರತದಲ್ಲಿ ಅರ್ಜಿ ಹಾಕಿದರೆ ಶುಲ್ಕ 15,000 ರೂಪಾಯಿ, ಹೊರದೇಶದಲ್ಲಿ 275 ಡಾಲರ್. ನಮ್ಮ ಭಾಗದವರಿಗೆ ಕಚೇರಿ ಬೆಂಗಳೂರು ಶಾಂತಿನಗರದ ಬಸ್ ನಿಲ್ದಾಣ ಕಟ್ಟಡದಲ್ಲಿರುವ ಎಫ್‌ಆರ್‌ಆರ್‌ಒ. ರಾತ್ರಿ ರೈಲಿಗೆ ಹೊರಡುವ ಮುನ್ನ ಮೂಲ ಪತ್ರಗಳನ್ನೆಲ್ಲ ಒಮ್ಮೆ ಎಣಿಸಿಕೊಳ್ಳಿ. ಫೋಟೋ ಚೌಕಾಕಾರದಲ್ಲಿರಬೇಕು, ಹಿನ್ನೆಲೆ ತಿಳಿಬಣ್ಣದ್ದಿರಬೇಕು, ಬಿಳಿ ಆಗಬಾರದು. ನಮ್ಮ ಸ್ಟುಡಿಯೋಗಳಲ್ಲಿ ಪಾಸ್‌ಪೋರ್ಟ್ ಫೋಟೋ ಎಂದ ಕೂಡಲೇ ಉದ್ದನೆಯದನ್ನು ಬಿಳಿ ಹಿನ್ನೆಲೆಯಲ್ಲಿ ತೆಗೆದುಕೊಡುತ್ತಾರೆ, ಬಿಡಿಸಿ ಹೇಳಿ. ಸಂಗಾತಿಯ ಅರ್ಜಿಗೆ ಭದ್ರತಾ ಪರಿಶೀಲನೆ ಕಡ್ಡಾಯ, ಅದರಿಂದಾಗಿ ಬೇರೆಯವರ ಅರ್ಜಿಗಿಂತ ತಡ. ಅಲ್ಲಿಯವರೆಗೆ ಎಕ್ಸ್ ವೀಸಾ ಜೀವಂತವಾಗಿರಬೇಕು. ಸ್ವತಃ ಅಥವಾ ತಂದೆತಾಯಿ, ಅಜ್ಜ-ಅಜ್ಜಿ, ಮುತ್ತಜ್ಜ-ಮುತ್ತಜ್ಜಿಯರಲ್ಲಿ ಒಬ್ಬರಾದರೂ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಒಸಿಐ ಸಿಗುವುದಿಲ್ಲ.

ಕಾರ್ಡ್ ಬಂದಮೇಲೆ ಎಫ್‌ಆರ್‌ಆರ್‌ಒ ನೋಂದಣಿಯ ಗೊಡವೆ ಇಲ್ಲ. ಆದರೆ ಮದುವೆಯ ಆಧಾರದ ಕಾರ್ಡಿಗೆ ಒಂದು ಪ್ರತ್ಯೇಕ ಷರತ್ತು: ಸಂಗಾತಿ ಹೊಸ ಪಾಸ್‌ಪೋರ್ಟ್ ಪಡೆದಾಗಲೆಲ್ಲ ಮೂರು ತಿಂಗಳೊಳಗೆ ಅದರ ಪ್ರತಿ, ಹೊಸ ಫೋಟೋ, ಮದುವೆ ಈಗಲೂ ಊರ್ಜಿತವಾಗಿದೆ ಎಂಬ ಘೋಷಣೆ, ಮೂರನ್ನೂ ಅಂತರ್ಜಾಲದಲ್ಲಿ ಹಾಕಬೇಕು. ವಿಚ್ಛೇದನವಾದರೆ ಕಾರ್ಡ್ ರದ್ದು ಮಾಡಬಹುದು. ಪತಿ-ಪತ್ನಿ ಇಬ್ಬರಿಗೂ ಇದು ಮೊದಲೇ ಗೊತ್ತಿರಬೇಕು, ವಿಶೇಷವಾಗಿ ತನ್ನ ದೇಶ ಬಿಟ್ಟು ಬರುವವರಿಗೆ.

ಜಮೀನಿನ ವಿಷಯದಲ್ಲಿ ನಮ್ಮ ಹಿರಿಯರು ಪ್ರೀತಿಯಿಂದಲೇ ತಪ್ಪು ಮಾಡುತ್ತಾರೆ. ಸೊಸೆಗೆ ಎರಡು ಎಕರೆ ಎರಿ ಹೊಲ ಬರೆದುಕೊಡೋಣ ಎನ್ನುತ್ತಾರೆ. ಒಸಿಐ ಕಾರ್ಡುದಾರರು ಕೃಷಿ ಜಮೀನು, ತೋಟ, ತೋಟದ ಮನೆಯನ್ನು ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ಬಿನ್‌ಶೇತ್ಕಿಯಾದ (ಕೃಷಿಯೇತರ ಬಳಕೆಗೆ ಬದಲಾದ) ನಿವೇಶನ, ಮನೆ, ಅಂಗಡಿ ಕೊಳ್ಳಬಹುದು. 'ಮುಂದೆ ಬಿನ್‌ಶೇತ್ಕಿ ಆಗುತ್ತದೆ' ಎಂಬ ಲೇಔಟಿಗೆ ಈಗಲೇ ಸಂಗಾತಿಯ ಹೆಸರು ಸೇರಿಸಬೇಡಿ, ಆದೇಶದ ಪ್ರತಿ ಕೈಗೆ ಬರಲಿ.

ಪೌರತ್ವವೇ ಬೇಕೆನ್ನುವವರಿಗೆ ಎರಡು ದಾರಿ. ಒಂದು, ಭಾರತದ ಪ್ರಜೆಯನ್ನು ಮದುವೆಯಾಗಿ ಏಳು ವರ್ಷದ ವಾಸ: ಅರ್ಜಿಗೆ ಮುಂಚಿನ 12 ತಿಂಗಳು ಸತತ, ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಒಟ್ಟು ಆರು ವರ್ಷ. ಇನ್ನೊಂದು, ಒಸಿಐ ಆಗಿ ಐದು ವರ್ಷ ಕಳೆದು, ಅರ್ಜಿಗೆ ಮುಂಚೆ 12 ತಿಂಗಳು ಇಲ್ಲಿ ವಾಸ. ಎರಡರಲ್ಲೂ ತಮ್ಮ ದೇಶದ ಪೌರತ್ವ ಬಿಡಬೇಕು. ತವರಿಗೆ ಹೋಗಿದ್ದ ದಿನಗಳು ಈ ವಾಸದ ಲೆಕ್ಕದಿಂದ ಕಳೆಯುತ್ತವೆ. ಹಾಗಾಗಿ ಬಂದ ಮೊದಲ ದಿನದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಹೋದ ತಾರೀಖು, ಬಂದ ತಾರೀಖು, ಯಾವ ವಿಮಾನ ನಿಲ್ದಾಣ ಎಂದು ಬರೆದಿಡಿ. ಪಾಸ್‌ಪೋರ್ಟ್ ತುಂಬಿ ಹೊಸದು ಬಂದಾಗ ಹಳೆಯದನ್ನು ಎಸೆಯಬೇಡಿ, ಮುದ್ರೆಗಳಿರುವುದು ಅದರಲ್ಲಿ.